ಹದಿನೈದು ವರ್ಷದ ಮೀನು

ಆ ಮನೆಗೆ ಇನ್ನು ಮುಂದೆ ಹೊಸ ಮೀನು ಬರಕೂಡದು ಎಂಬ ತೀರ್ಮಾನವಾಗಿ ಎಂಟು ತಿಂಗಳಾಗಿತ್ತು. ತೀರ್ಮಾನವಾದ ದಿನ ಮೀನುಗಳ ಯಜಮಾನಿ ಒಳಗಿನ ಕೋಣೆಯಲ್ಲಿ, ಮೊಣಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಚಾವಣಿ ನೋಡುತ್ತ ಮಲಗಿದ್ದಳು. ಹಾಲಿನಲ್ಲಿ ಅವಳ ಗಂಡ, ಗಂಡನ ಅಕ್ಕ, ಫೋನಿನಲ್ಲಿ ಮದುವೆಯಾಗಿ ಹೋದ ಮಗಳು, ಮೂವರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ತಗ್ಗಿಸಿ ಆಡಿದ ಮಾತು ಗೋಡೆ ದಾಟಿ ಬರುವಷ್ಟು ಚೆನ್ನಾಗಿ ಜೋರಾಗಿ ಆಡಿದ ಮಾತು ಬರುವುದಿಲ್ಲ.

ಆಗಿದ್ದು ಇಷ್ಟು. ಒಂದು ಭಾನುವಾರ ಟ್ಯಾಂಕಿನ ನೀರು ಬದಲಿಸುವಾಗ ಅವಳು ತುಂಬಿದ ಬಕೆಟ್ ಹಿಡಿದು ಒದ್ದೆ ನೆಲದ ಮೇಲೆ ಕಾಲಿಟ್ಟಳು. ಕಾಲು ಒಂದು ಕಡೆ ಹೋಯಿತು, ಬಕೆಟ್ ಒಂದು ಕಡೆ, ಬೆನ್ನು ಇನ್ನೊಂದು ಕಡೆ. ಡಿಸ್ಕ್ ಜಾರಿದೆ ಎಂದರು ಡಾಕ್ಟರು. ಆರು ವಾರ ಹಾಸಿಗೆ. ಆಮೇಲೆ ಐದು ಕೆಜಿಗಿಂತ ಹೆಚ್ಚು ಭಾರ ಎತ್ತಬಾರದು ಎಂದು ಒಂದು ಚೀಟಿ. ಗಂಡ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. 'ಇಷ್ಟು ಜನ, ಇಷ್ಟು ಕೆಜಿ' ಎಂಬ ಫಲಕದ ಕೆಳಗೆ ಮೂವತ್ತು ವರ್ಷ ನಿಂತು ದುಡಿದವನು. ಹೆಂಡತಿಗೂ ಅಂಥದೊಂದು ಫಲಕ ಸಿಕ್ಕಿದ್ದು ಅವನಿಗೆ ಒಂದು ರೀತಿಯಲ್ಲಿ ಸಮಾಧಾನವನ್ನೇ ತಂದಿತ್ತು.

ಇದ್ದವು ಇರುವಷ್ಟು ದಿನ ಇರಲಿ, ಒಂದೊಂದಾಗಿ ಹೋದ ಹಾಗೆ ಟ್ಯಾಂಕು ಖಾಲಿ ಮಾಡಿದರಾಯಿತು ಎಂದು ಮೂವರೂ ಒಪ್ಪಿದ್ದರು. ಯಾರೂ ಕೂಗಾಡಲಿಲ್ಲ, ಯಾರೂ ಅವಳ ಮೇಲೆ ರೇಗಲಿಲ್ಲ. ಕಷ್ಟವಾಗಿದ್ದೇ ಅದು. ಜಗಳಕ್ಕೆ ಬಂದವರಿಗೆ ಎದುರು ಮಾತಾಡಬಹುದು. ಗಂಜಿ ಆರಿಸಿ ಬಾಯಿಗಿಡುವವರಿಗೆ ಏನೆಂದು ಎದುರಾಡುವುದು? ಅವಳು ಎದ್ದು ಓಡಾಡುವ ಹೊತ್ತಿಗೆ ಮೂರು ಟ್ಯಾಂಕಿನಲ್ಲಿ ಒಂದು ಕೆಳಮನೆಯವರ ಪಾಲಾಗಿ ಹೂಗಿಡದ ತೊಟ್ಟಿಯಾಗಿತ್ತು. ನಡುವಿನ ಗಾತ್ರದ್ದಕ್ಕೆ ಅಡುಗೆಮನೆಯ ಈರುಳ್ಳಿ ಆಲೂಗಡ್ಡೆ ಬಂದು ಕೂತಿದ್ದವು. ಹಾಲಿನ ದೊಡ್ಡ ಟ್ಯಾಂಕಿನಲ್ಲಿ ಮಾತ್ರ ಹದಿನೇಳು ಹಳೆಯ ಮೀನು ಉಳಿದಿದ್ದವು. ಅವುಗಳಲ್ಲಿ ಒಂದು ಸತ್ತಾಗಲೆಲ್ಲ ಗಂಡನೇ, ಅವಳು ಬಗ್ಗಬಾರದೆಂದು, ಬಲೆ ಹಾಕಿ ಎತ್ತಿ, ಮೆಲ್ಲಗೆ ಹೇಳುತ್ತಿದ್ದ: "ಇನ್ನು ಹದಿನಾರು." ಆಮೇಲೆ, "ಇನ್ನು ಹದಿನೈದು." ಲಿಫ್ಟು ಕೆಳಗಿಳಿಯುವಾಗ ಮಹಡಿ ಎಣಿಸುವವನ ಹಾಗೆ. ಈಗ ಒಂಬತ್ತಕ್ಕೆ ಬಂದು ನಿಂತಿತ್ತು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಅಲುಗಾಡುತ್ತದೆ. ಕಡಿಮೆ ಉಜ್ಜಿದರೆ ಫ್ರೇಮು ಬಿರಿಯುತ್ತದೆ. ಅವಸರ ಗೊತ್ತಿಲ್ಲದ ಕೈ ಅದು. ಬೀದಿಯವರೆಲ್ಲ ಅವಳನ್ನು ಮೀನಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವಳ ತಾಯಿಯನ್ನೂ ಬ್ಯಾಂಕಿನವರನ್ನೂ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಮೀನಕ್ಕನ ಮನೆಗೆ ಹೊಸ ಮೀನು ಬಾರದೆ ಎಂಟು ತಿಂಗಳಾಯಿತು ಎಂದರೆ, ಬಡಗಿಯ ಮನೆಗೆ ಎಂಟು ತಿಂಗಳಿಂದ ಮರ ಬಂದಿಲ್ಲ ಎಂದ ಹಾಗೆ.

ಒಂಬತ್ತು ಎಂದು ಕೇಳಿಸಿಕೊಂಡ ದಿನವೇ ಅವಳು ಕೆಲಸ ಶುರುಮಾಡಿದಳು.

ಮೀನು ಸಾಕುವವರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದಿದೆ. ತೊಳೆದ ಟ್ಯಾಂಕಿಗೆ ಚೊಕ್ಕ ನೀರು ತುಂಬಿ ಮೀನು ಬಿಟ್ಟರೆ ಅದು ಬಾಳುವುದಿಲ್ಲ. ಮೀನಿನ ಹೊಲಸೇ ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಫಿಲ್ಟರಿನ ಸ್ಪಾಂಜಿನಲ್ಲಿ ಮನೆ ಮಾಡಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದು. ಆದರೆ ಒಂದು ರಾತ್ರಿಯಲ್ಲಿ ಆಗುವಂಥದ್ದಲ್ಲ, ತಿಂಗಳು ಬೇಕು. ಅವಳು ಹೊಸದೊಂದು ಸ್ಪಾಂಜನ್ನು ದೊಡ್ಡ ಟ್ಯಾಂಕಿನ ಹಿಂಬದಿಯಲ್ಲಿ, ಗಿಡದ ಮರೆಯಲ್ಲಿ, ಹಳೆಯ ಸ್ಪಾಂಜಿನ ಪಕ್ಕಕ್ಕೆ ಸಿಕ್ಕಿಸಿದಳು. ಐದು ವಾರ ಬಿಟ್ಟಳು. ಅದು ಕಂದಾಗಿ, ಲೋಳೆಯಾಗಿ, ಹೊಳೆದಂಡೆಯ ಕಲ್ಲಿನ ವಾಸನೆ ಹಿಡಿಯಿತು. ಬೇರೆಯವರು ಮುಟ್ಟಲೂ ಹೇಸುವಂಥ ಸ್ಪಾಂಜು. ಅವಳಿಗೆ ಅದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಶನಿವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಈರುಳ್ಳಿ ಆಲೂಗಡ್ಡೆಯನ್ನು ಬುಟ್ಟಿಗೆ ಸುರಿದಳು. ಟ್ಯಾಂಕು ತೊಳೆದು, ಬಚ್ಚಲಮನೆಯ ಹೊರಗಿನ ಗಟ್ಟಿ ಮೇಜಿನ ಮೇಲೆ ಅಂಗುಲ ಅಂಗುಲವಾಗಿ ಜಾರಿಸಿ ಕೂರಿಸಿ, ಮರಳು ಹರಡಿ, ಒಂದು ಪೈಪಿನಿಂದಲೇ ನೀರು ತುಂಬಿಸಿದಳು. ಹೊಸ ಮೀನುಗಳು ಒಂದು ತಿಂಗಳು ಇಲ್ಲಿ ಬೇರೆಯೇ ಇರಬೇಕು. ಕಾಯಿಲೆ ಕಸಾಲೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ದೊಡ್ಡ ಟ್ಯಾಂಕಿನ ಮುದುಕರ ಜೊತೆ. ಸ್ಪಾಂಜನ್ನು ಹಳೆಯ ನೀರಿನ ಸಮೇತ ಒಂದು ಬೋಗುಣಿಯಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, ಬಚ್ಚಲಮನೆಯ ಕಟ್ಟೆಯ ಮೇಲಿಟ್ಟಳು. ಬಂದ ಮೇಲೆ ಕೂರಿಸಿದರಾಯಿತು ಎಂದುಕೊಂಡು ಕೆಲಸಕ್ಕೆ ಹೋದಳು. ಒಂದು ಗಂಟೆಗೆ ಕನ್ನಡಕದ ಅಂಗಡಿಯಿಂದ ಬಿಡುಗಡೆ. ಅಲ್ಲಿಂದ ನೆಟ್ಟಗೆ ಮೀನಿನ ಅಂಗಡಿ.

ಮೀನಿನ ಅಂಗಡಿಯವನು ಅವಳನ್ನು ಕಂಡು ಎದ್ದು ನಿಂತ. ಬೆನ್ನು ಹೇಗಿದೆ ಎಂದು ಕೇಳಿದ್ದಕ್ಕೆ, ಇರಬೇಕಾದಲ್ಲೇ ಇದೆ, ಹಿಂದುಗಡೆ ಎಂದಳು. ಅವನು ನಕ್ಕು, ಕೆಂಪು ಪಟ್ಟೆಯ ಪುಟ್ಟ ಮೀನುಗಳ ಮುಂದೆ ಕರೆದೊಯ್ದ.

"ಇವು ಎಷ್ಟು ವರ್ಷ ಬದುಕ್ತಾವೆ?"

ಎರಡು, ಹೆಚ್ಚೆಂದರೆ ಮೂರು ಎಂದ ಅವನು. ಅವಳು ಮುಂದಕ್ಕೆ ನಡೆದಳು. ಮುಂದಿನದು ನಾಲ್ಕು. ಅದರ ಮುಂದಿನದು ನೋಡಲು ಚೆಂದ, ಆದರೆ ಎರಡೇ ಎಂದ. ಹೀಗೇ ಆರು ಟ್ಯಾಂಕು ದಾಟಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಏನಕ್ಕ, ಮೀನು ತಗೋಳೋಕೆ ಬಂದ್ರೋ, ಮಗಳಿಗೆ ಗಂಡು ನೋಡೋಕೆ ಬಂದ್ರೋ?"

"ಮಗಳಿಗೆ ಇಷ್ಟು ಕೇಳಿರಲಿಲ್ಲ, ಅದಕ್ಕೇ ಈಗ ಕೇಳ್ತಿದ್ದೀನಿ."

ಕೊನೆಗೆ ಕೆಳಗಿನ ಸಾಲಿನ ಒಂದು ಟ್ಯಾಂಕಿನ ಮುಂದೆ ನಿಂತಳು. ಬಣ್ಣವಿಲ್ಲದ, ಕಪ್ಪು ಚುಕ್ಕೆಯ, ಹೆಬ್ಬೆರಳಿನಷ್ಟು ಉದ್ದದ ಆರು ಮೀನು. ಮೀಸೆಯಿಂದ ಮರಳು ಕೆದಕುತ್ತ, ಒಂದರ ಹಿಂದೆ ಒಂದು, ಏನೋ ಕಳೆದುಕೊಂಡವರ ಹಾಗೆ ನೆಲ ಹುಡುಕುತ್ತಿದ್ದವು. ಒಂದು ತಲೆ ಎತ್ತಿ ಅವಳನ್ನು ನೋಡಿ ಕಣ್ಣು ಹೊಡೆಯಿತು. ಕೋರಿ ಮೀನು, ಅವಕ್ಕೆ ಕಣ್ಣುಗುಡ್ಡೆ ಕೆಳಗೆ ತಿರುಗಿಸುವ ಚಾಳಿಯಿದೆ, ನೋಡಿದವರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಇವು ಎಷ್ಟು ವರ್ಷ ಎಂದು ಕೇಳಿದಳು. ಚೆನ್ನಾಗಿ ನೋಡಿಕೊಂಡರೆ ಹದಿನೈದು ಎಂದ ಅವನು.

ಅವಳಿಗೆ ಐವತ್ತೈದು. ಕೂಡಿ ನೋಡಿದಳು. ಎಪ್ಪತ್ತು. ಎಪ್ಪತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಎದ್ದು ಇವುಗಳಿಗೆ ತಿಂಡಿ ಹಾಕುವ ತನ್ನ ಕೈಯನ್ನು ನೆನೆಸಿಕೊಂಡಳು. ಆ ಕೈ ಸ್ವಲ್ಪ ನಡುಗುತ್ತಿರಬಹುದು. ನಡುಗಲಿ.

"ಆರೂ ಕೊಡಿ."

ಅಂಗಡಿಯವನು ಬಲೆ ತೆಗೆಯಲಿಲ್ಲ. ಕೈ ಒರೆಸಿಕೊಂಡ. ಆಮೇಲೆ, ಅವಳ ಮುಖ ನೋಡದೆ, ಅಣ್ಣ, ಎಂದರೆ ಅವಳ ಗಂಡ, ಹಿಂದೊಮ್ಮೆ ಇಲ್ಲಿಗೆ ಬಂದಿದ್ದರು ಎಂದ. ಮನೆಯಾಕೆ ಬಂದು ಕೇಳಿದರೆ ಮೀನು ಕೊಡಬೇಡ, ಏನಾದರೂ ನೆಪ ಹೇಳಿ ಕಳಿಸು ಎಂದು ಹೇಳಿ ಹೋಗಿದ್ದಾರೆ ಎಂದ.

ಇದು ಅವಳಿಗೆ ಗೊತ್ತಿರಲಿಲ್ಲ. ಹಾಲಿನಲ್ಲಿ ಮಾತಾಡಿಕೊಂಡಿದ್ದು ಗೊತ್ತಿತ್ತು. ಅದು ಮನೆಯೊಳಗಿನ ಮಾತು. ಮಾತು ಬಸ್ಸು ಹತ್ತಿ ಇಲ್ಲಿಯವರೆಗೂ ಬಂದಿದೆ ಎಂದು ತಿಳಿದಾಗ ಅವಳ ಬೆನ್ನು, ಅದೇ ಜಾರಿದ ಬೆನ್ನು, ನೆಟ್ಟಗಾಯಿತು.

"ನಾನು ಹೆಂಡ ಕೇಳೋಕೆ ಬಂದಿಲ್ಲಪ್ಪ, ಮೀನು ಕೇಳೋಕೆ ಬಂದಿದ್ದೀನಿ. ಕೊಡ್ತೀಯೋ, ಬೇರೆ ಅಂಗಡಿಗೆ ಹೋಗಲೋ?"

ಅವನು ಬಲೆ ತೆಗೆಯದೆ ಒಂದು ಚೊಂಬಿನಿಂದ ಆರನ್ನೂ ಒಂದೊಂದಾಗಿ ಮೊಗೆದು ಚೀಲಕ್ಕೆ ಹಾಕಿದ. ಚೀಲದ ಬಾಯಿ ಕಟ್ಟುತ್ತ ಇನ್ನೊಂದು ಮಾತು ಹೇಳಿದ: ಈ ಆರು ಮೀನಿಗೆ ಒಂದು ಶಾಲೆಯವರೂ ಹೇಳಿಟ್ಟಿದ್ದಾರೆ, ಭಾನುವಾರ ಸಂಜೆ ಬರುತ್ತಾರೆ, ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅಷ್ಟರೊಳಗೆ ತಂದುಕೊಡಿ, ಬೇಸರವಿಲ್ಲ. ಅವನೂ ಒಳ್ಳೆಯವನೇ. ಎಲ್ಲರೂ ಒಳ್ಳೆಯವರೇ. ಬಸ್ಸಿನಲ್ಲಿ ಕಪ್ಪು ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಈ ಒಳ್ಳೆಯವರ ಸಂತೆಯಲ್ಲಿ ತನ್ನ ಮಾತು ಮಾರಲು ಜಾಗವೇ ಇಲ್ಲವಲ್ಲ ಎಂದುಕೊಂಡಳು.

ಮನೆಗೆ ಬಂದು ನೋಡಿದರೆ ಬಾಲ್ಕನಿಯ ಬಟ್ಟೆ ತಂತಿಯ ಮೇಲೆ, ಗಂಡನ ಎರಡು ಅಂಗಿಗಳ ನಡುವೆ, ಸ್ಪಾಂಜು ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿತ್ತು. ಅಂಗಡಿಯಿಂದ ತಂದ ದಿನದಷ್ಟು ಹಳದಿ. ಬಿಸಿಲಿಗೆ ಗರಿಗರಿಯಾಗಿತ್ತು.

ದೊಡ್ಡಕ್ಕ ಬಂದಿದ್ದರು. ಗಂಡನ ಅಕ್ಕನನ್ನು ಮನೆಯವರೆಲ್ಲ ಕರೆಯುವುದು ಹಾಗೆ. ಮೂವತ್ತೆರಡು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಪ್ರತಿ ಶನಿವಾರ ಬಂದು ಉಳಿದುಕೊಂಡು, ಭಾನುವಾರ ಬೆಳಿಗ್ಗೆ ತಮ್ಮನ ಹೆಂಡತಿಗೆ ಬೆನ್ನಿನ ವ್ಯಾಯಾಮ ಮಾಡಿಸುವುದು ಅವರ ಕ್ರಮ. ಬಂದವರು ಸುಮ್ಮನೆ ಕೂರುವುದಿಲ್ಲ. ಅವರ ಕಣ್ಣಿಗೆ ಬಿದ್ದ ಕೊಳೆಗೆ ಉಳಿಗಾಲವಿಲ್ಲ. ಬೋಗುಣಿಯ ತಟ್ಟೆ ತೆಗೆದು ನೋಡಿ, ಮೂಗು ಮುಚ್ಚಿಕೊಂಡು, ಕುದಿಯುವ ನೀರಿನಲ್ಲಿ ಅದ್ದಿ, ಸೋಪು ಹಾಕಿ ಕುಕ್ಕಿ, ಮೂರು ಸಲ ಜಾಲಿಸಿದ್ದರು.

"ಎಂಥಾ ಕೊಳಕು ಇತ್ತು ಗೊತ್ತೇನೇ? ನೀರು ಕಾಫಿ ಬಣ್ಣಕ್ಕೆ ತಿರುಗಿತು. ಮನೇಲಿ ಇಷ್ಟು ವರ್ಷ ಅದನ್ನ ಹೇಗಿಟ್ಕೊಂಡಿದ್ದೆ?"

ಅವಳು ಸ್ಪಾಂಜನ್ನು ತಂತಿಯಿಂದ ಬಿಡಿಸಿ ಮೂಸಿದಳು. ನಿಂಬೆ ವಾಸನೆ. ಐದು ವಾರ. ಕುದಿದು, ನೊರೆಯಾಗಿ, ಬಚ್ಚಲ ಕಿಂಡಿಯಲ್ಲಿ ಹೋಗಿತ್ತು. ಅಳು ಬಂತು; ಬಂದದ್ದನ್ನು ಹಿಂದಕ್ಕೆ ಕಳಿಸಿದಳು. ದೊಡ್ಡಕ್ಕನಿಗೆ ತಿಳಿಯುವ ಹಾಗೆ, ಮೆಲ್ಲಗೆ, ಆ ಕೊಳೆಯೇ ಹೊಸ ಮೀನಿನ ಜೀವ ಕಾಯಬೇಕಾಗಿದ್ದದ್ದು ಎಂದು ಹೇಳಿದಳು. ದೊಡ್ಡಕ್ಕ ಕೇಳಿಸಿಕೊಂಡರು. ಕೇಳಿಸಿಕೊಂಡು, ಮೂವತ್ತೆರಡು ವರ್ಷ ಕೈ ತೊಳೆಯಿರಿ ಕೈ ತೊಳೆಯಿರಿ ಎಂದು ಊರಿಗೆಲ್ಲ ಹೇಳಿದವಳು ನಾನು, ಈಗ ಕೊಳೆಯೇ ಔಷಧಿ ಅಂತ ಕಲಿಯಬೇಕಾ ಎಂದು ಕುರ್ಚಿಯಲ್ಲಿ ಕೂತರು. ಆಮೇಲೆ ಅವರಿಗೆ ಹೊಳೆಯಿತು.

"ಹೊಸ ಮೀನು ಅಂದ್ಯಾ?"

ಅದೇ ಹೊತ್ತಿಗೆ, ಕೆಲಸ ಮುಗಿಸಿ ಬಂದಿದ್ದ ಗಂಡ ಟೀ ಲೋಟ ಹಿಡಿದು ಬಾಲ್ಕನಿಗೆ ಬಂದ. ಕಪ್ಪು ಬಟ್ಟೆಯ ಚೀಲದೊಳಗೆ ನೀರು ತುಳುಕಿದ ಸದ್ದು ಮೂವರಿಗೂ ಕೇಳಿಸಿತು.

ಅವನು ಕೂಗಾಡುವವನಲ್ಲ. ಚೀಲ ಬಿಚ್ಚಿ ನೋಡಿದ, ಬಚ್ಚಲಮನೆಯ ಹೊರಗಿನ ಟ್ಯಾಂಕು ನೋಡಿದ, ಬುಟ್ಟಿಗೆ ವರ್ಗವಾದ ಈರುಳ್ಳಿ ನೋಡಿದ. ಎಷ್ಟು ದಿನದಿಂದ ನಡೆಯುತ್ತಿದೆ ಇದು ಎಂದು ಕೇಳಿದ. ಐದು ವಾರ ಎಂದಳು. ನಾಳೆ ವಾಪಸು ಕೊಟ್ಟು ಬರುತ್ತೇನೆ, ನೀನು ಬರುವುದೇನೂ ಬೇಡ ಎಂದ. ಅವಳು ಮೀನಿನ ಚೀಲವನ್ನು ಹೊಸ ಟ್ಯಾಂಕಿನ ನೀರಿನ ಮೇಲೆ ತೇಲಿಬಿಟ್ಟಳು. ಅವನು ಫೋನು ತೆಗೆದು ಮಗಳಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಮಗಳ ದನಿಯಲ್ಲಿ ಗಾಬರಿಯೂ ಇತ್ತು, ಸಣ್ಣ ಮಗುವಿಗೆ ಹೇಳುವ ನಯವೂ ಇತ್ತು.

"ಅಮ್ಮಾ, ನಾವೆಲ್ಲ ಮಾತಾಡ್ಕೊಂಡಿದ್ವಲ್ಲ?"

"ನೀವು ಮಾತಾಡ್ಕೊಂಡ್ರಿ. ನಾನು ಮಲಗಿದ್ದೆ."

ಗಂಡ ಲೋಟ ತೆಗೆದುಕೊಂಡು ಒಳಗೆ ಹೋದ.

ಸಂಜೆಯ ಬೆಳಕು ಇರುವಾಗಲೇ ಕೆಲಸ ಮುಗಿಯಬೇಕಿತ್ತು. ಸೋಪು ಕುಡಿದ ಸ್ಪಾಂಜು ಇನ್ನು ಯಾವ ಮೀನಿಗೂ ಬೇಡ. ಅದನ್ನು ಸಿಂಕಿನ ಪಕ್ಕ ಪಾತ್ರೆ ತಿಕ್ಕಲು ಇಟ್ಟಳು. ಉಳಿದಿದ್ದು ಒಂದೇ ದಾರಿ. ದೊಡ್ಡ ಟ್ಯಾಂಕಿನ ಹಳೆಯ ಸ್ಪಾಂಜನ್ನು ಹೊರತೆಗೆದು, ಕತ್ತರಿಯಿಂದ ನಡುವಿಗೆ ಕತ್ತರಿಸಿದಳು. ಅರ್ಧ ಮುದುಕರಿಗೆ, ಅರ್ಧ ಹೊಸಬರಿಗೆ. ಇಬ್ಬರಿಗೂ ಸಾಲುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಇನ್ನು ನಾಲ್ಕು ವಾರ ಹೊಸ ಟ್ಯಾಂಕಿನ ಕಾಲು ಭಾಗದ ನೀರನ್ನು ದಿನಾ ಬದಲಿಸಬೇಕು ಎಂಬುದು ಮಾತ್ರ ಗೊತ್ತಿತ್ತು. ಮೀನು ಒಳಗಿರುವಾಗ ನಲ್ಲಿಯ ಪೈಪು ನೇರ ಬಿಡುವಂತಿಲ್ಲ, ಕ್ಲೋರಿನ್ ಹೋಗುವವರೆಗೆ ನಿಂತ ನೀರೇ ಬೇಕು; ನೀರು ಬದಲಿಸುವುದೆಂದರೆ ನೀರು ಹೊರುವುದು. ಅದೇ ಬಕೆಟ್ಟು, ಅದೇ ನೆಲ, ಅದೇ ಬೆನ್ನು. ದೊಡ್ಡಕ್ಕ ತೊಳೆದಿದ್ದು ಬರೀ ಸ್ಪಾಂಜನ್ನಲ್ಲ, ಅವಳು ಐದು ವಾರ ಕೂಡಿಟ್ಟಿದ್ದ ಸಮಜಾಯಿಷಿಯನ್ನೇ.

ಮೀನುಗಳನ್ನು ಅಂಗಡಿಯ ನೀರಿನ ಸಮೇತ ಒಂದು ಡಬ್ಬಿಗೆ ಇಳಿಸಿ, ಟ್ಯಾಂಕಿನಿಂದ ಡಬ್ಬಿಗೆ ಗಾಳಿ ಪಂಪಿನ ಸಣ್ಣ ಕೊಳವೆ ಇಳಿಬಿಟ್ಟು, ಕೊಳವೆಗೆ ಒಂದು ಗಂಟು ಹಾಕಿದಳು. ಹೊಸ ನೀರು ಹನಿ ಹನಿಯಾಗಿ ಬಿದ್ದು ಬೆರೆಯಬೇಕು. ಒಮ್ಮೆಗೇ ಬಿಟ್ಟರೆ ಮೀನಿನ ಮೈ ತಡೆಯುವುದಿಲ್ಲ. ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ದೊಡ್ಡಕ್ಕನ ಕಣ್ಣು ಆ ಹನಿಗಳ ಮೇಲೆ ಬಿತ್ತು. ಬಿದ್ದ ಕಣ್ಣು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿಯೇ ಗಡಿಯಾರದ ಕಡೆ ಹೋಯಿತು.

"ನಿಮಿಷಕ್ಕೆ ಅರವತ್ತು ಬೀಳ್ತಿದೆ. ಎಷ್ಟು ಬೇಕು ನಿನಗೆ?"

"ನೂರಿಪ್ಪತ್ತು."

ದೊಡ್ಡಕ್ಕ ಎದ್ದು ಬಂದು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಕೂದಲಷ್ಟು ಸಡಿಲಿಸಿದರು. ಗಡಿಯಾರ ನೋಡಿದರು. ಮತ್ತೆ ಸಡಿಲಿಸಿದರು. ನೂರಿಪ್ಪತ್ತು. ಸ್ಪಾಂಜಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ತಪ್ಪಾಯಿತು ಎನ್ನುವುದು ಅವರ ಬಾಯಿಗೆ ಹೊಂದುವ ಮಾತೂ ಅಲ್ಲ. ಒಂದು ಗಂಟೆ ಹೊತ್ತು ಸ್ಟೂಲಿನ ಮೇಲೆ ಕೂತು, ಡ್ಯೂಟಿಯಲ್ಲಿದ್ದವರ ಹಾಗೆ, ಹನಿ ಕಾದರು. ಕತ್ತಲಾಗುವ ಮುಂಚೆ ಆರೂ ಮೀನು ಟ್ಯಾಂಕಿನ ಮರಳಿಗಿಳಿದವು. ಅದರಲ್ಲಿ ಒಂದರ ಮೀಸೆ ಒಂದು ಪಕ್ಕಕ್ಕೆ ಸೊಟ್ಟಗಿರುವುದನ್ನು ಮೊದಲು ಕಂಡವರು ದೊಡ್ಡಕ್ಕನೇ; ನಮ್ಮ ಹೆಡ್ ಡಾಕ್ಟರ ಹಾಗೇ ಇದೆ ನೋಡು ಎಂದರು.

ಭಾನುವಾರ ಬೆಳಿಗ್ಗೆ ಅವಳು ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ ಒಂದು ಕಾಲೆತ್ತಿದ್ದಳು. ದೊಡ್ಡಕ್ಕ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಏಳರ ಹತ್ತಿರ ಬಂದಾಗ ಹೊರಗಿನಿಂದ ಗಂಡ ಕರೆದ. ಅವನು ಹಾಗೆ ಕರೆದಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಸಣ್ಣ ದನಿ.

"ಏನೇ... ಸ್ವಲ್ಪ ಬಾ ಇಲ್ಲಿ."

ಅವನು ಬನಿಯನ್ನಿನಲ್ಲಿ, ಟ್ಯಾಂಕಿನ ಮುಂದೆ, ಕೈಯಲ್ಲಿ ಬಲೆ ಹಿಡಿದು ನಿಂತಿದ್ದ. ಕಾಲ ಬಳಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ನೀರು. ಅವಳು ವ್ಯಾಯಾಮ ಮುಗಿಸಿ ಬರುವಷ್ಟರಲ್ಲಿ ಆರನ್ನೂ ಹಿಡಿದು ವಾಪಸು ಒಯ್ಯುವ ಲೆಕ್ಕಾಚಾರ. ಸತ್ತ ಮೀನು ಎತ್ತಿ ಎತ್ತಿ ಬಲೆ ಹಿಡಿಯುವುದು ಗೊತ್ತೆಂದುಕೊಂಡಿದ್ದ. ಬದುಕಿದ ಕೋರಿ ಮೀನಿನ ಪಕ್ಕದ ರೆಕ್ಕೆಯಲ್ಲಿ ಮುಳ್ಳಿರುತ್ತದೆ, ಹೆದರಿದರೆ ಅದನ್ನು ಬಿಡಿಸಿ ಸೆಟೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಂಗಡಿಯವನು ಚೊಂಬಿನಲ್ಲಿ ಮೊಗೆದಿದ್ದು ಅದಕ್ಕೇ. ಸೊಟ್ಟ ಮೀಸೆಯದು ಬಲೆಯ ನೂಲಿಗೆ ಮುಳ್ಳು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಎಳೆದರೆ ರೆಕ್ಕೆ ಕೀಳುತ್ತದೆ, ನೀರಿನಿಂದ ಎತ್ತಿದರೆ ಉಸಿರು ಹೋಗುತ್ತದೆ. ಮೂವತ್ತು ವರ್ಷ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಿದ ಮನುಷ್ಯ ಹೆಬ್ಬೆರಳಿನಷ್ಟು ಮೀನಿನ ಮುಂದೆ ಬೆವರುತ್ತಿದ್ದ.

"ಬಲೆ ನೀರಿನ ಒಳಗೇ ಇರಲಿ. ಕೈ ಅಲ್ಲಾಡಿಸಬೇಡಿ."

ಅವಳು ಕೆಲಸದ ಚೀಲದಿಂದ ತನ್ನ ಸಣ್ಣ ಕತ್ತರಿ ತಂದಳು. ಕನ್ನಡಕ ಹಾಕಿಕೊಂಡು, ನೀರಿಗೆ ಕೈಯಿಳಿಸಿ, ಬಲೆಯ ನೂಲನ್ನು ಒಂದೊಂದೇ ಕತ್ತರಿಸಿದಳು. ಮೀನನ್ನು ಮುಟ್ಟಲೇ ಇಲ್ಲ. ಏಳು ನೂಲು. ಏಳನೆಯದಕ್ಕೆ ಮೀನು ಜಾರಿ ಮರಳಿಗೆ ಬಿತ್ತು, ಒಂದು ಕ್ಷಣ ಮಗ್ಗುಲಾಗಿ ಮಲಗಿತು, ಆಮೇಲೆ ಎದ್ದು ಕಲ್ಲಿನ ಸಂದಿಗೆ ಓಡಿತು. ಗಂಡ ತೂತು ಬಿದ್ದ ಬಲೆ ಹಿಡಿದುಕೊಂಡು ಹಾಗೇ ನಿಂತಿದ್ದ.

ದೊಡ್ಡಕ್ಕ ತಮ್ಮನನ್ನು ಬೈಯಲು ಬಾಯಿ ತೆರೆದವರು, ಇಬ್ಬರ ಮುಖ ನೋಡಿ, ಟೀ ಇಡುತ್ತೇನೆ ಎಂದು ಅಡುಗೆಮನೆಗೆ ಹೋದರು.

"ಕದ್ದು ಒಯ್ಯೋಕೆ ಬಂದ್ರಾ?"

ಅವನು ಸ್ಟೂಲಿನ ಮೇಲೆ ಕೂತ. ಆಡಿದ್ದು ಮೀನಿನ ಮಾತಾಗಿರಲಿಲ್ಲ. ಆರು ವಾರ ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿದ್ದು, ಹೋಗುವಾಗ ಅವಳು ಹಲ್ಲು ಕಚ್ಚುತ್ತಿದ್ದ ಸದ್ದು, ಆ ಸದ್ದು ತನಗೆ ಲಿಫ್ಟಿನ ಬಾವಿಯೊಳಗೆ ಕೆಲಸ ಮಾಡುವಾಗಲೂ ಕೇಳಿಸುತ್ತದೆ ಎಂದು ಹೇಳಿದ. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದು ಡಾಕ್ಟರು ತನಗೊಬ್ಬನಿಗೇ ಹೇಳಿದ್ದರಂತೆ.

ಅವಳು ಅವನ ಕೈಯಿಂದ ಬಲೆ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಅವನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಕೈ ಮೆದುವಾಗಿತ್ತು, ಮಾತು ಮೆದುವಾಗಲಿಲ್ಲ.

"ನಿಮ್ಮ ಭಯ ನನಗೆ ಗೊತ್ತಾಗಲ್ಲ ಅಂತಲ್ಲ. ಆದರೆ ಒಂದೊಂದು ಸತ್ತಾಗ್ಲೂ ಇನ್ನು ಹತ್ತು, ಇನ್ನು ಒಂಬತ್ತು ಅಂತೀರಲ್ಲ, ಅದರ ಕೊನೇಲಿ ನನ್ನನ್ನೂ ಸೇರಿಸಿ ಎಣಿಸ್ತಿದ್ದೀರಿ ಅನ್ನಿಸುತ್ತೆ. ಇಳಿಸೋ ಲೆಕ್ಕ ಸಾಕು ಮಾಡಿ."

"ನಾನು ಹಾಗೆ ಅಂದ್ಕೊಂಡು..."

"ಅಂದ್ಕೊಂಡಿಲ್ಲ. ಗೊತ್ತು. ಅಂಗಡಿಗೆ ಹೋಗಿ ಕೊಡಬೇಡ ಅಂದಿದ್ದೂ ಒಳ್ಳೇದಕ್ಕೇ. ಈ ಮೀನು ಇಲ್ಲೇ ಇರ್ತಾವೆ ರೀ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ನೀನು ಎಂದ ಅವನು, ಸೋತ ದನಿಯಲ್ಲಿ. ನಾಲ್ಕನೆಯದು ಇದ್ದರೆ ತೋರಿಸಿ ಎಂದಳು. ಅವನು ತೋರಿಸಿದ: ದಿನಾ ನೀರು ಹೊರುವವರು ಯಾರು? ನಾನು ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಅದಕ್ಕೆ ಏನು ಹೇಳುತ್ತೀ?

ಅದು ನ್ಯಾಯವಾದ ಪ್ರಶ್ನೆ. ಅವಳು ಬೆಳಗಿನ ಜಾವದಿಂದ ಅದನ್ನೇ ಯೋಚಿಸುತ್ತಿದ್ದಳು. ಅಡುಗೆಮನೆಯಿಂದ ಕುಡಿಯುವ ನೀರಿನ ಜಗ್ ತಂದಳು, ತಕ್ಕಡಿ ತಂದಳು. ಜಗ್ ತುಂಬಿಸಿ ಅವನ ಕಣ್ಣೆದುರಿಗೆ ತೂಗಿದಳು. ಎರಡು ಕೆಜಿ ಮೇಲೆ ಇನ್ನೂರು ಗ್ರಾಂ. ಡಾಕ್ಟರು ಬರೆದಿದ್ದು ಐದು. ಹಳೆಯ ನೀರು ಪೈಪಿನಲ್ಲಿ ತಾನಾಗಿಯೇ ಬಚ್ಚಲಿಗೆ ಹರಿಯುತ್ತದೆ. ಹೊಸ ನೀರು, ರಾತ್ರಿಯೇ ಪೈಪಿನಿಂದ ತುಂಬಿಸಿಟ್ಟ, ಸ್ಟೂಲಿನ ಮೇಲಿನ ಡ್ರಮ್ಮಿನ ನಲ್ಲಿಯಿಂದ, ಬಗ್ಗದೆ, ಜಗ್ಗಿಗೆ, ಜಗ್ಗಿನಿಂದ ಟ್ಯಾಂಕಿಗೆ. ಎಂಟು ಜಗ್. ನಡುವೆ ಎಷ್ಟು ಸಲ ಬೇಕಾದರೂ ಕೂರಬಹುದು. ಕಾಲ ಕೆಳಗೆ ರಬ್ಬರ್ ಮ್ಯಾಟು.

ತೂಕದ ಮಾತು ಅವನಿಗೆ ಅರ್ಥವಾಗುವ ಮಾತು. ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡಿದ, ಜಗ್ ಎತ್ತಿ ಇಳಿಸಿದ, ಮ್ಯಾಟನ್ನು ಕಾಲಿನಿಂದ ಉಜ್ಜಿ ಜಾರುತ್ತದೆಯೇ ಎಂದು ನೋಡಿದ. ಸರಿ ಎನ್ನಲಿಲ್ಲ. ತಪ್ಪು ಎನ್ನಲೂ ಏನೂ ಸಿಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅವಳು ಶುರುಮಾಡಿದಳು. ದೊಡ್ಡಕ್ಕ ಒಂದು ಕುರ್ಚಿಯಲ್ಲಿ, ಗಂಡ ಇನ್ನೊಂದರಲ್ಲಿ, ಪರೀಕ್ಷೆಯ ಕೋಣೆಯ ಮೇಲ್ವಿಚಾರಕರ ಹಾಗೆ. ಯಾರೂ ಏಳಕೂಡದು ಎಂದು ಮೊದಲೇ ಹೇಳಿದ್ದಳು. ಮೊದಲ ಜಗ್ ಸಲೀಸಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಸೊಂಟದ ಎಡಗಡೆ ಚಳಕ್ ಎಂದಿತು. ಅವಳು ಜಗ್ ಕೆಳಗಿಟ್ಟು, ಗೋಡೆಗೆ ಕೈಕೊಟ್ಟು ನಿಂತಳು. ಗಂಡನ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಬಿಗಿಯಾದವು. ನೋಯುತ್ತಿದೆಯಾ ಎಂದು ದೊಡ್ಡಕ್ಕ ಕೇಳಿದರು.

"ನೋವಿಲ್ಲ ಅಂತ ಸುಳ್ಳು ಹೇಳಲ್ಲ ದೊಡ್ಡಕ್ಕ. ಇದೆ. ಮಲಗಿದ್ದಾಗ್ಲೂ ಇತ್ತು."

ಗಂಡ ಏಳಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಎತ್ತಿದ ಭಾರಗಳಲ್ಲಿ ಅತಿ ದೊಡ್ಡದು ಆ ಏಳದೆ ಕೂತದ್ದೇ ಇರಬೇಕು. ಐದು ನಿಮಿಷ ಕಳೆದು ಅವಳು ಜಗ್ಗನ್ನು ಅರ್ಧ ಮಾತ್ರ ತುಂಬಿಸಿ ಸುರಿದಳು. ಇನ್ನು ಮುಂದೆ ಅರ್ಧರ್ಧವೇ. ಎಂಟು ಜಗ್ ಹೋಗಿ ಹದಿಮೂರೋ ಹದಿನಾಲ್ಕೋ ಆಗುತ್ತದೆ. ಆಗಲಿ, ಭಾನುವಾರ ಉದ್ದವಿದೆ. ಮೇಲಿನಿಂದ ಬಿದ್ದ ನೀರಿಗೆ ಆರೂ ಮೀನು ಸಂದಿಯಿಂದ ಹೊರಬಂದು, ಏನು ಬಂತೆಂದು ಮೀಸೆ ಆಡಿಸಿ ನೋಡಿದವು. ಸೊಟ್ಟ ಮೀಸೆಯದೂ ಬಂತು, ಸ್ವಲ್ಪ ವಾಲಿಕೊಂಡು.

ನಾಲ್ಕು ಗಂಟೆಗೆ ಗಂಡನ ಫೋನು ಬಂತು. ಮೀನಿನ ಅಂಗಡಿಯವನು. ಶಾಲೆಯವರು ಬಂದು ಕೂತಿದ್ದಾರೆ, ಅಣ್ಣಾ, ಆ ಆರು ಮೀನು ವಾಪಸು ಬರ್ತಾವಾ ಎಂದು ಕೇಳುತ್ತಿದ್ದ. ಗಂಡ ಫೋನು ಕಿವಿಗಿಟ್ಟುಕೊಂಡೇ ಅವಳನ್ನು ನೋಡಿದ. ಅವಳು ನೋಡಲಿಲ್ಲ, ಜಗ್ಗಿನ ಬಾಯಿಯನ್ನು ಟ್ಯಾಂಕಿನ ಅಂಚಿಗೆ ಒರಗಿಸಿ, ಮರಳು ಕದಡದ ಹಾಗೆ, ಗಾಜಿನ ಗೋಡೆಯ ಮೇಲಿಂದ ನೀರು ಇಳಿಸುತ್ತಿದ್ದಳು.

"ನನ್ನನ್ನ ಕೇಳಬೇಡಪ್ಪ," ಎಂದ ಅವನು. "ಮೊದಲೂ ನಾನು ಬಂದು ಹೇಳಬಾರದಿತ್ತು. ತಡಿ, ಅವಳಿಗೇ ಕೊಡ್ತೀನಿ."

ಫೋನನ್ನು ತಂದು ಅವಳ ಕಿವಿಗೆ ಹಿಡಿದ. ಅವಳ ಎರಡೂ ಕೈ ಜಗ್ಗಿನ ಮೇಲಿದ್ದವು.

"ಶಾಲೆಯವರಿಗೆ ಬೇರೆ ತರಿಸಿಕೊಡು," ಎಂದಳು ಅವಳು. "ಇವು ಬರಲ್ಲ. ಹಾಗೇ ಇನ್ನೊಂದು ಮಾತು, ಇನ್ನು ಮೇಲೆ ಮೀನಿನ ವಿಷಯ ಏನಿದ್ರೂ ನನ್ನ ನಂಬರಿಗೆ ಮಾಡು."

ಅಡುಗೆಮನೆಯಲ್ಲಿ ದೊಡ್ಡಕ್ಕ ಇನ್ನೊಂದು ಸಲ ಟೀ ಇಡುತ್ತಿದ್ದ ಸದ್ದು ಕೇಳಿತು. ಟ್ಯಾಂಕಿನ ನೀರು ಗುರುತಿಗಿಂತ ಇನ್ನೂ ಮೂರು ಬೆರಳು ಕೆಳಗಿತ್ತು. ಅವಳು ಜಗ್ಗನ್ನು ಮತ್ತೆ ನಲ್ಲಿಯ ಕೆಳಗಿಟ್ಟಳು.